ಅತ್ತೆ ಮನೆ ಮಾರಿದ್ದು

ಆಗಸ್ಟ್ ತಿಂಗಳ ಒಂದು ಭಾನುವಾರ, ಚರ್ಚು ಮುಗಿಸಿ ಬಂದು ಎಲ್ಲರೂ ಊಟಕ್ಕೆ ಕೂತಿದ್ದರು. ಮೆಕ್ಕೆಜೋಳದ ಶಿಮಾ ಮುದ್ದೆ, ಶೇಂಗಾಪುಡಿ ಹಾಕಿದ ಕುಂಬಳದ ಸೊಪ್ಪು, ಭಾನುವಾರವೆಂದು ಒಂದು ಕೋಳಿ. ಡೋರಿಕಾ ಮುದ್ದೆಯಿಂದ ಒಂದು ತುತ್ತು ಮುರಿದು ಅಂಗೈಯಲ್ಲಿ ಉಂಡೆ ಮಾಡಿಕೊಳ್ಳುತ್ತ, "ಈ ಮನೆ ಮಾರ್ತೀನಿ" ಎಂದಳು.

ಮಗ ಕಬಾಸೊ ಬಾಯಿಗಿಟ್ಟಿದ್ದ ಕೋಳಿಯ ಕಾಲನ್ನು ಹಾಗೇ ಈಚೆ ತೆಗೆದ.

"ಯಾವ ಮನೆ?"

"ನನಗೆ ಎಷ್ಟು ಮನೆ ಇದಾವೆ? ಇದೇ."

"ಯಾಕಮ್ಮ? ಏನಾಯ್ತು?"

"ಏನೂ ಆಗಿಲ್ಲ. ನನ್ನ ಮನೆ, ಮಾರ್ತೀನಿ. ಸೊಪ್ಪು ಇತ್ತ ತಳ್ಳು."

ಸೊಸೆ ಪ್ರಿಸ್ಕಾ ಸೊಪ್ಪಿನ ಬಟ್ಟಲನ್ನು ಅತ್ತೆಯ ಕಡೆಗೆ ಸರಿಸಿದಳು.

ಲುವಾನ್ಶ್ಯಾ ಊರಿನ ತಾಮ್ರದ ಗಣಿ ಕಾಲೊನಿಯಲ್ಲಿ ಆ ಮನೆಗೆ ಒಳ್ಳೇ ಹೆಸರಿತ್ತು. ಗಣಿಯವರು ತಮ್ಮ ಮನೆಗಳನ್ನು ಕೆಲಸಗಾರರಿಗೇ ಮಾರಿದ ಕಾಲದಲ್ಲಿ ಡೋರಿಕಾಳ ಗಂಡ ಕೊಂಡಿದ್ದು. ನಾಲ್ಕು ಕೋಣೆ, ಟಾರು ರಸ್ತೆಗೆ ಮುಖ, ಮುಂದೆ ಅಗಲವಾದ ಅಂಗಳ. ಗಂಡ ಸತ್ತು ಹತ್ತೊಂಬತ್ತು ವರ್ಷವಾಗಿತ್ತು. ಕಾಗದಪತ್ರ ಡೋರಿಕಾಳ ಹೆಸರಿಗಿತ್ತು. ಅಂಗಳದ ಒಂದು ಮೂಲೆಯಲ್ಲಿ ತಗಡಿನ ಚಪ್ಪರ ಹಾಕಿಕೊಂಡು ಕಬಾಸೊ ಬೆಸುಗೆ ಕೆಲಸ ಮಾಡುತ್ತಿದ್ದ: ಗೇಟು, ಕಿಟಕಿಯ ಸರಳು, ಇದ್ದಿಲೊಲೆ. ಗೇಟಿನ ಹತ್ತಿರ ಪ್ರಿಸ್ಕಾ ದಿನಾ ಬೆಳಿಗ್ಗೆ ಹಿಟ್ಟು ಕಲಸಿ, ಎಣ್ಣೆಯಲ್ಲಿ ಉಂಡೆ ಬಿಟ್ಟು, ಬಿಸಿಬಿಸಿ ವಿತುಂಬುವಾ ಕರಿದು ಶಾಲೆಗೆ ಹೋಗುವ ಮಕ್ಕಳಿಗೆ ಮಾರುತ್ತಿದ್ದಳು. ಅವಳ ಮಗಳು ಚಿತಾಲುಗೆ ಹದಿಮೂರು, ಮಗ ಕಸುಬಾನಿಗೆ ಏಳು.

ಅತ್ತೆ ಸೊಸೆಗೆ ಒಂದೇ ಒಲೆ. ಅದೇ ಕಷ್ಟ. ಇದ್ದಿಲು ಜಾಸ್ತಿ ಸುರಿದೆ ಅಂತ ಒಂದು ದಿನ, ಮುದ್ದೆ ತಿರುವಿದ್ದು ಸಾಲದು ಅಂತ ಇನ್ನೊಂದು ದಿನ. "ನನ್ನ ಅಡಿಗೆಮನೆ" ಎಂದು ಡೋರಿಕಾ ಹೇಳದ ವಾರವಿರಲಿಲ್ಲ. ಪ್ರಿಸ್ಕಾ ಎದುರು ಮಾತಾಡುವವಳಲ್ಲ. ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಡುವವಳು.

ಊಟದ ತಟ್ಟೆ ತೊಳೆಯುವಾಗ ಅವಳು ಗಂಡನಿಗೆ ಹೇಳಿದಳು: "ಇದು ನನ್ನ ಮೇಲಿನ ಸಿಟ್ಟಿಗೆ."

"ಸಿಟ್ಟಿಗೆ ಯಾರಾದರೂ ಮನೆ ಮಾರ್ತಾರಾ, ಚಿತಾಲು ಅಮ್ಮ?"

"ನಿಮ್ಮಮ್ಮ ಮಾರ್ತಾರೆ."

ಕಬಾಸೊ ಅದನ್ನು ಅಲ್ಲಗಳೆಯಲಿಲ್ಲ. ಅವನ ಕಣ್ಣು ತಗಡಿನ ಚಪ್ಪರದ ಮೇಲಿತ್ತು. "ರಸ್ತೆ ಮೇಲಿನ ಜಾಗ ಹೋದರೆ ನನ್ನ ಹತ್ತಿರ ಗೇಟು ಮಾಡಿಸೋಕೆ ಯಾರು ಬರ್ತಾರೆ?" ಎಂದಷ್ಟೇ ಕೇಳಿದ.

ಮೂರನೇ ದಿನ ದಲ್ಲಾಳಿ ಬಂದಳು. ಮುತಿಂತಾ ಎಂದು ಅವಳ ಹೆಸರು. ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದ ಮೇಲೆ ಮನೆ ಕೊಡಿಸುವ ಮಾರಿಸುವ ಕೆಲಸ ಹಿಡಿದಿದ್ದಳು. ಊರಿಗೆಲ್ಲ ಇನ್ನೂ ಟೀಚರೇ. ಕೋಣೆ ಕೋಣೆ ಸುತ್ತಿ, ಗೋಡೆ ತಟ್ಟಿ, ನಲ್ಲಿ ತಿರುಗಿಸಿ, ಕೊನೆಗೆ ಮುಂದಿನ ಕೋಣೆಯಲ್ಲಿ ಕೂತು, ತರಗತಿಯಲ್ಲಿ ಹೇಳುವ ಹಾಗೆ ಹೇಳಿದಳು.

"ಕೇಳಿ. ಬಿರುಕಿನ ಮೇಲೆ ಬಣ್ಣ ಬಳೀಬೇಡಿ, ಮೆತ್ತಿ ಆಮೇಲೆ ಬಳೀರಿ. ಮನೆ ನೋಡೋಕೆ ಬರೋರು ದಡ್ಡರಲ್ಲ. ಈ ಹಳೇ ಹಾಸಿಗೆ, ಮುರಿದ ಫ್ರಿಜ್ಜು, ಎಲ್ಲ ಆಚೆ ಹಾಕಿ, ಕೋಣೆ ದೊಡ್ಡದಾಗಿ ಕಾಣುತ್ತೆ. ಬೆಲೆ ನೀವಾಗಿ ಹೇಳಬೇಡಿ, ಅವರ ಬಾಯಿಂದ ಬರಲಿ. ನಿಮಗೆ ದುಡ್ಡಿನ ಆತುರ ಇದೆ ಅಂತ ಯಾರಿಗೂ ಗೊತ್ತಾಗಬಾರದು. ಇನ್ನೊಂದು, ಜನ ಬರೋ ದಿನ ಒಣಮೀನು ಬೇಯಿಸಬೇಡಿ."

"ಒಣಮೀನಿಗೂ ಮನೆ ಬೆಲೆಗೂ ಏನಮ್ಮ?" ಎಂದಳು ಡೋರಿಕಾ.

"ಕಣ್ಣಿಗಿಂತ ಮೊದಲು ಮೂಗು ಮನೆ ನೋಡುತ್ತೆ."

ಪ್ರಿಸ್ಕಾ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು. ಟೀಚರ್ ಹೊರಡುವಾಗ ಅತ್ತೆ ದನಿ ತಗ್ಗಿಸಿ ಹೇಳಿದ್ದೂ ಕಿವಿಗೆ ಬಿತ್ತು: "ನನಗೆ ಬೇರೆ ಒಲೆ ಬೇಕು. ಅವರ ಜೊತೆ ಒಂದೇ ಅಡಿಗೆಮನೆಯಲ್ಲಿ ಇನ್ನು ಆಗಲ್ಲ."

ಮೊದಲ ಗಿರಾಕಿ ಬಂದ ಗುರುವಾರ ಪ್ರಿಸ್ಕಾ ಒಂದು ಸೇರು ಕಪೆಂಟಾ ಒಣಮೀನು ಟೊಮೇಟೊ ಜೊತೆ ಒಲೆಯ ಮೇಲೆ ಇಟ್ಟಳು. ಬಂದವಳು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ನಾಲ್ಕು ಕೋಣೆ ದಾಟಿದಳು.

ಎರಡನೆಯವರು ಗಂಡ ಹೆಂಡತಿ. ಹೆಂಡತಿ ಬಸುರಿ. ಗಂಡಸರು ಅಂಗಳ ಅಳೆಯುತ್ತಿದ್ದಾಗ ಪ್ರಿಸ್ಕಾ ಆಕೆಗೆ ಕೂರಲು ಸ್ಟೂಲು ಕೊಟ್ಟು ಪಕ್ಕದಲ್ಲಿ ನಿಂತಳು.

"ನೀರು ಚೆನ್ನಾಗಿ ಬರುತ್ತಾ ಅಕ್ಕ?"

"ಬರುತ್ತೆ, ತುಂಬ ಚೆನ್ನಾಗಿ. ಬೆಳಗಿನ ಜಾವ ನಾಲ್ಕರಿಂದ ಆರರ ತನಕ. ಮಗು ಹುಟ್ಟಿದ ಮೇಲೆ ನಿಮಗೆ ಹೇಗೂ ಎಚ್ಚರ ಇರುತ್ತಲ್ಲ."

ಆಕೆ ಗಂಡನನ್ನು ಕರೆದುಕೊಂಡು ಬೇಗನೇ ಹೊರಟಳು.

ಮೂರನೆಯವನಿಗೆ ಹಿಂದಿನ ಗೋಡೆ ತೋರಿಸಿ, "ಮಳೆಗಾಲದಲ್ಲಿ ಇಲ್ಲಿಂದ ಸ್ವಲ್ಪ ನೀರು ಒಸರುತ್ತೆ, ಮಂಚ ಮಾತ್ರ ಈ ಕಡೆ ಹಾಕಬೇಡಿ" ಎಂದು ಬಹಳ ಕಾಳಜಿಯಿಂದ ಹೇಳಿದಳು. ಅವನು ಹೋದ ಮೇಲೆ ತಿರುಗಿ ನೋಡಿದರೆ, ಬಾಗಿಲಲ್ಲಿ ಅತ್ತೆ ನಿಂತಿದ್ದಳು.

ಪ್ರಿಸ್ಕಾ ಬೈಗುಳಕ್ಕೆ ಸಿದ್ಧಳಾದಳು. ಡೋರಿಕಾ ಒಳಗೆ ಬಂದು ಗೋಡೆಯ ಮೇಲೆ ಕೈ ಆಡಿಸಿದಳು.

"ಎಲ್ಲಿಂದ ಒಸರುತ್ತೆ, ತೋರಿಸು."

"ಅತ್ತೆ..."

"ತೋರಿಸು ಅಂದೆ. ನನ್ನ ಮಂಚ ಆ ಕೋಣೆಯಲ್ಲಿದೆ, ಈ ಕೋಣೆ ನೀನು ಗುಡಿಸೋದು. ನನಗಿಂತ ನಿನಗೇ ಗೊತ್ತು."

ಪ್ರಿಸ್ಕಾ ತೋರಿಸಿದಳು. ನೆಲದಿಂದ ಮೊಳದೆತ್ತರದಲ್ಲಿ ಗಾರೆ ಉಬ್ಬಿತ್ತು.

"ನೀನು ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ" ಎಂದಳು ಡೋರಿಕಾ. "ಸುಳ್ಳು ಹೇಳಿದ್ದರೆ ಕಿವಿ ಹಿಂಡ್ತಿದ್ದೆ. ಇನ್ನು ಏನೇನು ಕೆಟ್ಟಿದೆ, ಅದನ್ನೂ ಹೇಳು. ಸರಿ ಮಾಡಿಸೋದು ಮಾಡಿಸ್ತೀನಿ, ಆಗದ್ದನ್ನ ಕೊಳ್ಳೋರಿಗೆ ನಾನೇ ಹೇಳ್ತೀನಿ. ಆಗ ನಿನಗೆ ಹೇಳೋಕೆ ಏನೂ ಉಳಿಯಲ್ಲ."

ಹಾಗೆಯೇ ಮಾಡಿದಳು. ಆ ವಾರ ಗಾರೆಯವನು ಬಂದ. ಕಬಾಸೊ ಗೊಣಗುತ್ತಲೇ ಗೇಟಿನ ಕೀಲು ಬದಲಿಸಿದ. ಸೆಪ್ಟೆಂಬರಿನಲ್ಲಿ ರೈಲ್ವೆಯಿಂದ ನಿವೃತ್ತನಾದ ಒಬ್ಬ ಮುದುಕ ಬಂದ. ಅವನಿಗೆ ರಸ್ತೆ ಬದಿಯಲ್ಲಿ ಔಷಧದಂಗಡಿ ಇಡಬೇಕಿತ್ತು. ಡೋರಿಕಾ ಅವನ ಕೈಹಿಡಿದಂತೆ ಎಲ್ಲ ಕಡೆ ಸುತ್ತಿಸಿ, "ಇಲ್ಲಿ ನೀರು ಒಸರುತ್ತಿತ್ತು, ಮೆತ್ತಿಸಿದ್ದೀನಿ, ಒಂದು ಮಳೆಗಾಲ ಕಳೀದೆ ಮಾತು ಕೊಡಲ್ಲ. ನಲ್ಲಿ ನೀರು ನಸುಕಿಗೇ ಹಿಡೀಬೇಕು. ಛಾವಣಿಯ ತಗಡು ನನ್ನ ಗಂಡ ಹಾಕಿಸಿದ್ದು, ಗಟ್ಟಿ" ಎಂದಳು. ಟೀಚರ್ ಮುತಿಂತಾ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಮುದುಕ ನಕ್ಕ. "ಏಳು ಮನೆ ನೋಡಿದೆ ತಾಯಿ. ಎಲ್ಲರೂ ತಮ್ಮ ಮನೆ ಸ್ವರ್ಗ ಅಂದರು. ಸ್ವರ್ಗ ಬಿಟ್ಟು ಯಾಕೆ ಹೋಗ್ತೀರಿ ಅಂದರೆ ಮಾತಿಲ್ಲ."

ಬೆಲೆ ಅವನ ಬಾಯಿಂದಲೇ ಬಂತು. ಡೋರಿಕಾ ಎರಡು ದಿನ ಬಿಟ್ಟು ಒಪ್ಪಿದಳು. ಮನೆ ಬಿಡಲು ಮೂರು ತಿಂಗಳು, ದುಡ್ಡು ಕೈಯಲ್ಲಿ ಬೇಡ, ವಕೀಲರ ಮೂಲಕ, ಎಂದು ಷರತ್ತು. ಮುದುಕನೂ ಅಂಥದೇ ಮನುಷ್ಯ, ಸರಿ ಎಂದ.

ಈಗ ಮೂರು ತಿಂಗಳೊಳಗೆ ಬೇರೆ ಮನೆ ಹುಡುಕಬೇಕು.

ಮೊದಲು ಮನೆಯ ಸುದ್ದಿ ತಂದವನು ಕಬಾಸೊ. ಒಂದು ಸಂಜೆ ಕೈಕಾಲು ತೊಳೆಯುವ ಮೊದಲೇ ಶುರು ಮಾಡಿದ. "ಮೂರು ಕೋಣೆ. ಹೊಸ ಬಣ್ಣ. ಬೆಲೆ ಕೇಳಿದರೆ ನಂಬಲ್ಲ, ನೂರ ಎಂಬತ್ತು ಸಾವಿರ ಕ್ವಾಚಾ. ಆ ಮನುಷ್ಯನಿಗೆ ಕಾಂಗೋ ಗಡಿಯಲ್ಲಿ ಕೆಲಸ ಸಿಕ್ಕಿದೆ, ಆತುರದಲ್ಲಿದ್ದಾನೆ. ಶನಿವಾರದೊಳಗೆ ಹದಿನೈದು ಸಾವಿರ ಮುಂಗಡ ಕೊಟ್ಟರೆ ನಮಗೇ."

ಹದಿನೈದು ಸಾವಿರ ಅವನು ಹೊಸ ಬೆಸುಗೆ ಯಂತ್ರಕ್ಕೆಂದು ಕೂಡಿಟ್ಟಿದ್ದು.

"ಶನಿವಾರ ಯಾಕೆ?" ಎಂದಳು ತಾಯಿ.

"ಇನ್ನಿಬ್ಬರು ಕೇಳ್ತಿದ್ದಾರಂತೆ."

"ಆ ಇನ್ನಿಬ್ಬರನ್ನ ನೀನು ನೋಡಿದ್ದೀಯಾ?"

"ಅಮ್ಮ, ನಿಮಗೆ ಎಲ್ಲದರಲ್ಲೂ ಸಂಶಯ. ಮಾರೋದಕ್ಕೂ ನನ್ನ ಕೇಳಲಿಲ್ಲ, ಕೊಳ್ಳೋದಾದರೂ ನನಗೆ ಬಿಡಿ."

ಮಾರನೇ ದಿನ ಬೆಳಿಗ್ಗೆ ವಿತುಂಬುವಾ ಬುಟ್ಟಿ ಖಾಲಿಯಾಗುವ ಹೊತ್ತಿಗೆ ಡೋರಿಕಾ ಚಿತೆಂಗೆ ಬಟ್ಟೆ ಸೊಂಟಕ್ಕೆ ಬಿಗಿಯಾಗಿ ಸುತ್ತಿಕೊಂಡು ಗೇಟಿನ ಹತ್ತಿರ ಬಂದು ನಿಂತಳು. "ನಡಿ. ಆ ಮನೆ ನೋಡ್ಕೊಂಡು ಬರೋಣ. ಉಳಿದ ನಾಲ್ಕು ಕಟ್ಟಿಕೋ, ದಾರಿಗೆ."

"ನಾನಾ?"

"ಇನ್ಯಾರು? ನನ್ನ ಮನೆಯ ಹುಳುಕು ಹುಡುಕಿದವಳು ನೀನೇ ತಾನೇ. ಈಗ ಬೇರೆಯವರ ಮನೆ ಮೇಲೆ ತೋರಿಸು ನಿನ್ನ ವಿದ್ಯೆ."

ಮನೆಯ ಯಜಮಾನ ಇರಲಿಲ್ಲ. ಬಾಗಿಲು ತೆಗೆದ ತರುಣ ಬಾಡಿಗೆಯವನಂತೆ. ನೋಡಿ ಎಂದು ಬಿಟ್ಟು ಹೋದ. ಪ್ರಿಸ್ಕಾ ಗೋಡೆಗಳನ್ನು ನೋಡಿದಳು. ಹೊಸ ಬಣ್ಣ ಬಾಗಿಲಿಗೂ ಇಲ್ಲ, ಛಾವಣಿಗೂ ಇಲ್ಲ. ನೆಲದಿಂದ ಸೊಂಟದ ಎತ್ತರದವರೆಗೆ ಮಾತ್ರ. ಅವಳು ಬಗ್ಗಿ ಮೂಸಿದಳು. ಬೂಷ್ಟು ಹಿಡಿದ ಹಿಟ್ಟಿನ ವಾಸನೆ.

"ಮಳೆ ಬಂದರೆ ಇಲ್ಲಿ ಮೊಣಕಾಲು ತನಕ ನೀರು ನಿಲ್ಲುತ್ತೆ ಅತ್ತೆ. ಅಕ್ಟೋಬರಿನಲ್ಲಿ ಮಾರ್ತಿರೋದು ಅದಕ್ಕೇ. ನವೆಂಬರಿನಲ್ಲಿ ಮಳೆ ಶುರುವಾದರೆ ಗುಟ್ಟು ರಟ್ಟಾಗುತ್ತೆ."

ಡೋರಿಕಾ "ಹೂಂ" ಎಂದಳು. ಅದು ಅವಳ ಬಾಯಿಂದ ಬಂದ ದೊಡ್ಡ ಹೊಗಳಿಕೆ.

ಹಿಂದಿನ ಬೀದಿಯ ನಲ್ಲಿಯಲ್ಲಿ ಮೂವರು ಹೆಂಗಸರು ಡಬ್ಬಿ ಸಾಲಿಟ್ಟಿದ್ದರು. ಪ್ರಿಸ್ಕಾ ಹೋಗಿ ಮಾತಿಗೆ ನಿಂತಳು. ಎಲ್ಲಿಯವರು, ಏನು ಮಾಡ್ಕೊಂಡಿದ್ದೀರಿ, ಹಿಟ್ಟಿನ ಬೆಲೆ ಹೇಗೆ ಏರ್ತಾ ಇದೆ ನೋಡಿ ಎಂದೆಲ್ಲ ಆದ ಮೇಲೆ, ಆ ಮನೆ ಮಾರ್ತಾರಂತಲ್ಲ ಎಂದಳು.

ಒಬ್ಬಳು ಡಬ್ಬಿ ಎತ್ತುವುದನ್ನು ನಿಲ್ಲಿಸಿದಳು. "ಯಾರು ಹೇಳಿದ್ದು? ಅವನ ಹೆಂಡತಿ ಮ್ಪಿಕಾದ ತವರಿಗೆ ಹೋಗಿದ್ದಾಳೆ, ತಾಯಿ ತೀರಿಕೊಂಡರು ಅಂತ. ಆರು ವಾರ ಆಯ್ತು. ಮಕ್ಕಳನ್ನೂ ಕರ್ಕೊಂಡು. ಅವಳ ಪಾತ್ರೆ ಪಡಗ ಎಲ್ಲ ಒಳಗೇ ಇದೆ. ಅವಳಿಗೆ ಗೊತ್ತಾ?"



ವಾಪಸು ಬರುವಾಗ ಡೋರಿಕಾಳ ಮೊಣಕಾಲು ಹಿಡಿದುಕೊಂಡಿತು. ಇಬ್ಬರೂ ಒಂದು ಮಾವಿನ ಮರದ ಕೆಳಗೆ ಕೂತರು. ಪ್ರಿಸ್ಕಾ ಗಂಟು ಬಿಚ್ಚಿ ವಿತುಂಬುವಾ ಕೊಟ್ಟಳು. ಹದಿನಾಲ್ಕು ವರ್ಷದಲ್ಲಿ ಅತ್ತೆ ಸೊಸೆ ಮನೆಯಾಚೆ ಕೂತು ಏನಾದರೂ ತಿಂದದ್ದು ಅದೇ ಮೊದಲು.

"ಆರು ವಾರ" ಎಂದಳು ಡೋರಿಕಾ. "ತಾಯಿಯನ್ನ ಮಣ್ಣು ಮಾಡಿ ಬಂದು ಬಾಗಿಲು ತಟ್ಟಿದರೆ, ಒಳಗಿನಿಂದ ನಾವು ಹೊರಗೆ ಬರ್ತಿದ್ವಿ. ಯಾರು ನೀವು ಅಂತ ನಾವೇ ಅವಳನ್ನ ಕೇಳ್ತಿದ್ವಿ."

ಪ್ರಿಸ್ಕಾ ಅತ್ತೆಯ ಮೊಣಕಾಲು ನೀವತೊಡಗಿದಳು. ಡೋರಿಕಾ ಬೇಡವೆನ್ನಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಜಗಳವಾಯಿತು. ಕಬಾಸೊ ತಟ್ಟೆ ಮುಟ್ಟಲಿಲ್ಲ.

"ನನಗೆ ಹೇಳದೆ ಹೋಗಿದ್ದೀರಿ. ಅವನು ಫೋನ್ ಮಾಡಿದ್ದ, ನಿಮ್ಮ ಮನೆ ಹೆಂಗಸರು ಬಂದು ಬೀದಿಯಲ್ಲಿ ಮಾತಾಡಿದ್ದಾರೆ ಅಂತ. ಮರ್ಯಾದೆ ಹೋಯ್ತು."

"ಯಾರದ್ದು?" ಎಂದಳು ತಾಯಿ.

"ಹೆಂಡತಿ ಒಪ್ಪಿದ್ದಾಳೆ ಅಂತ ಹೇಳಿದ್ದಾನೆ ಅವನು."

"ಹಾಗಾದರೆ ಅವಳು ಬರಲಿ, ಬಾಯಲ್ಲಿ ಹೇಳಲಿ, ಆಮೇಲೆ ಕೊಳ್ಳೋಣ" ಎಂದಳು ಪ್ರಿಸ್ಕಾ.

ಕಬಾಸೊ ಹೆಂಡತಿಯ ಕಡೆ ತಿರುಗಿದ. "ನೀನೂ ಶುರು ಮಾಡಿದೆಯಾ? ನಿನ್ನೆ ತನಕ ಅಮ್ಮ ನಿನ್ನ ಓಡಿಸ್ತಾರೆ ಅಂತ ಅಳ್ತಿದ್ದೆ."

ಚಿತಾಲು ತಮ್ಮನ ಕೈಹಿಡಿದು ಎಬ್ಬಿಸಿಕೊಂಡು ಹೋದಳು. ಪ್ರಿಸ್ಕಾ ತಲೆ ತಗ್ಗಿಸಿ ಕೂತಳು. ಡೋರಿಕಾ ಕೈಲಿದ್ದ ತುತ್ತನ್ನು ತಟ್ಟೆಗೆ ಇಟ್ಟು ಸೊಸೆಯನ್ನು ಕೇಳಿದಳು:

"ಹಾಗಂದುಕೊಂಡಿದ್ದೀಯಾ?"

"ಟೀಚರ್ ಹತ್ತಿರ ನೀವೇ ಹೇಳಿದ್ದು ಕೇಳಿದೆ. ಬೇರೆ ಒಲೆ ಬೇಕು ಅಂತ."

"ಬೇಕು. ಯಾಕೆ, ನಿನಗೆ ಬೇಡವಾ? ಒಂದು ಒಲೆ ಮುಂದೆ ಇಬ್ಬರು ಹೆಂಗಸರು ಹದಿನಾಲ್ಕು ವರ್ಷ ನಿಂತಿದ್ದು ಸಾಕು. ನಿನಗೂ ಮೂವತ್ತಾರಾಯ್ತು, ಯಾವಾಗ ನಿನ್ನದು ಅಂತ ಒಂದು ಅಡಿಗೆಮನೆ ನೋಡ್ತೀಯ? ನಾನು ಸತ್ತ ಮೇಲಾ?"

ಕಬಾಸೊ ಎದ್ದು ಅಂಗಳಕ್ಕೆ ಹೋದ.

ಶನಿವಾರ ಅವನು ಹಟಕ್ಕೆ ಬಿದ್ದು ದುಡ್ಡು ಜೇಬಿನಲ್ಲಿಟ್ಟುಕೊಂಡೇ ಹೋದ. ಮಧ್ಯಾಹ್ನ ವಾಪಸು ಬಂದವನು ಸೀದಾ ಚಪ್ಪರಕ್ಕೆ ಹೋಗಿ ಕೂತ. ಪ್ರಿಸ್ಕಾ ನೀರು ತೆಗೆದುಕೊಂಡು ಹೋದಳು.

"ಅವನ ಹೆಂಡತಿ ಬಸ್ಸಿನಿಂದ ಇಳಿದಳು" ಎಂದ ಕಬಾಸೊ. "ತಲೆ ಮೇಲೆ ಗಂಟು, ಬೆನ್ನ ಮೇಲೆ ಕೂಸು. ಯಾರೋ ನಲ್ಲಿ ಹತ್ತಿರದವರು ಫೋನ್ ಮಾಡಿ ಹೇಳಿದರಂತೆ. ಅವನು ನನ್ನನ್ನ ಗಾರೆಯವನು ಅಂತ ಪರಿಚಯ ಮಾಡಿಕೊಟ್ಟ. ಅವಳು ನನ್ನ ಮುಖ ನೋಡಿ, ಅಣ್ಣಾ, ಗೋಡೆ ಸರಿ ಮಾಡೋಕೆ ಬಂದ್ರಾ, ಒಳ್ಳೇದಾಯ್ತು, ಬನ್ನಿ ನೀರು ಕುಡೀರಿ ಅಂದಳು."

"ಕುಡಿದ್ರಾ?"

"ಕುಡಿದೆ. ಏನು ಮಾಡಲಿ?" ಜೇಬಿನಿಂದ ದುಡ್ಡಿನ ಕಟ್ಟು ತೆಗೆದು ಹೆಂಡತಿಯ ಮಡಿಲಿಗೆ ಹಾಕಿದ. "ಅಮ್ಮನಿಗೆ ನೀನೇ ಹೇಳು. ನನ್ನ ಕೈಲಾಗಲ್ಲ."

ಪ್ರಿಸ್ಕಾ ಒಳಗೆ ಹೋಗಿ ಹೇಳಿದಳು. ಆ ರಾತ್ರಿ ಡೋರಿಕಾ ಮಗನ ತಟ್ಟೆಗೆ ದೊಡ್ಡ ಮೀನಿನ ತುಂಡು ತಾನೇ ಬಡಿಸಿದಳು.

ಕೊನೆಗೆ ಮನೆ ಹುಡುಕಿದ್ದು ಪ್ರಿಸ್ಕಾಳೇ. ಅವಳ ಹತ್ತಿರ ವಿತುಂಬುವಾ ಕೊಳ್ಳುತ್ತಿದ್ದ ಒಬ್ಬ ಹುಡುಗಿಯ ತಾತ ಸಕೇನಿ ಎಂಬುವವರು ಹೆಂಡತಿಯ ಜೊತೆ ಹಳ್ಳಿಗೆ ಹೋಗಿ ನೆಲೆಸುವವರಿದ್ದರು. ಮನೆ ಹಿಟ್ಟಿನ ಗಿರಣಿಯ ಹಿಂದಿನ ಬೀದಿಯಲ್ಲಿ. ಪ್ರಿಸ್ಕಾ ಮನೆಯಲ್ಲಿ ಯಾರಿಗೂ ಹೇಳದೆ ಮೂರು ಸಲ ಹೋದಳು: ಒಮ್ಮೆ ಬೆಳಿಗ್ಗೆ, ನೀರು ಯಾವಾಗ ನಿಲ್ಲುತ್ತೆ ನೋಡಲು, ಒಮ್ಮೆ ಮುಸ್ಸಂಜೆ, ದೀಪ ಮಂಕಾಗುತ್ತಾ ನೋಡಲು, ಒಮ್ಮೆ ಮೊದಲ ಮಳೆ ಬಿದ್ದು ನಿಂತ ಕೂಡಲೇ, ತಲೆಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು. ಮುದುಕಿ ಬಾಗಿಲು ತೆಗೆದು, "ಮತ್ತೆ ಬಂದೆಯಾ ಮಗಳೇ? ಇನ್ನು ನಿನಗೆ ಇಲ್ಲೇ ಹಾಸಿಗೆ ಹಾಕ್ತೀನಿ" ಎಂದಳು.

ಆಮೇಲೆ ಅತ್ತೆಯನ್ನೂ ಗಂಡನನ್ನೂ ಕರೆದುಕೊಂಡು ಹೋದಳು.

"ಗಿರಣಿಗೆ ಅಂತ ಈ ಬೀದಿಗೆ ದಪ್ಪ ತಂತಿ ಎಳೆದಿದ್ದಾರೆ" ಎಂದು ಗಂಡನಿಗೆ ತೋರಿಸಿದಳು. "ನಿಮ್ಮ ಯಂತ್ರ ಹಾಕಿದರೂ ಪಕ್ಕದ ಮನೆ ದೀಪ ಆರಲ್ಲ. ಟಾರು ರಸ್ತೆ ಇಲ್ಲ, ನಿಜ. ಆದರೆ ಹಿಟ್ಟು ಮಾಡಿಸೋಕೆ ಊರೆಲ್ಲ ಈ ದಾರಿಯಲ್ಲೇ ಬರುತ್ತೆ. ಗಿರಣಿ ಗೋಡೆಗೆ ನಿಮ್ಮ ಒಂದು ಗೇಟು ಒರಗಿಸಿಡಿ, ಸಾಕು."

ಕಬಾಸೊ ಕಂಬ ನೋಡಿದ, ತಂತಿ ನೋಡಿದ, ಅಂಗಳವನ್ನು ಹೆಜ್ಜೆ ಹಾಕಿ ಅಳೆದ. "ಇದನ್ನೆಲ್ಲ ಯಾವಾಗ ಕಲಿತೆ?"

"ಹದಿನಾಲ್ಕು ವರ್ಷ ನಿಮ್ಮ ಚಪ್ಪರದ ಪಕ್ಕದಲ್ಲಿ ಎಣ್ಣೆ ಕಾಯಿಸಿದ್ದೀನಿ."

ಹಿತ್ತಿಲಿನಲ್ಲಿ ಎರಡು ಕೋಣೆಯ ಚಿಕ್ಕ ಕಟ್ಟಡ ಬೇರೆಯೇ ಇತ್ತು. ಅದಕ್ಕೆ ಅದರದೇ ಬಾಗಿಲು, ಮುಂದೆ ಒಲೆ ಇಡಲು ತಗಡಿನ ಮಾಡು, ಪಕ್ಕದಲ್ಲಿ ಪಪ್ಪಾಯಿ ಮರ. ಪ್ರಿಸ್ಕಾ ಅಲ್ಲಿ ನಿಂತು ಅತ್ತೆಯ ಕಡೆ ನೋಡದೆ ಹೇಳಿದಳು: "ಇಲ್ಲಿಂದ ಚರ್ಚು ಹತ್ತಿರ. ಮೆಟ್ಟಿಲೂ ಇಲ್ಲ, ಮೊಣಕಾಲಿಗೆ ಒಳ್ಳೇದು. ನಮ್ಮ ಅಡಿಗೆಮನೆಗೆ ಮೂವತ್ತು ಹೆಜ್ಜೆ. ಎಣಿಸಿದ್ದೀನಿ."

"ಮೂವತ್ತು ಸಾಕಾಗುತ್ತಾ?" ಎಂದಳು ಡೋರಿಕಾ.

"ಸಿಟ್ಟು ಬಂದ ದಿನ ಸುತ್ತಿಕೊಂಡು ಬನ್ನಿ, ಅರವತ್ತಾಗುತ್ತೆ."

ಡೋರಿಕಾ ನಕ್ಕಳು. ಬಾಯಿ ಮುಚ್ಚಿಕೊಂಡು, ಹೊಟ್ಟೆ ಕುಲುಕಿಸಿ ನಕ್ಕಳು. ಸಕೇನಿಯ ಹೆಂಡತಿಗೆ ಕಾರಣ ಗೊತ್ತಾಗದಿದ್ದರೂ ಅವಳೂ ನಕ್ಕಳು.

ಸಕೇನಿ ದಂಪತಿ ಇಬ್ಬರನ್ನೂ ಎದುರು ಕೂರಿಸಿಕೊಂಡೇ ಮಾತಾಯಿತು. ಟೀಚರ್ ಮುತಿಂತಾ ಭೂಮಿ ಕಚೇರಿಗೆ ಹೋಗಿ ಆ ಮನೆಯ ಕಾಗದದ ಮೇಲೆ ಬ್ಯಾಂಕಿನದಾಗಲಿ ಬೇರೆಯವರದಾಗಲಿ ಹಕ್ಕಿಲ್ಲವೆಂದು ನೋಡಿಕೊಂಡು ಬಂದಳು. ಡಿಸೆಂಬರ್ ಮೊದಲ ವಾರದಲ್ಲಿ ವಕೀಲರ ಕಚೇರಿಗೆ ಹೋಗುವುದೆಂದಾಯಿತು.

ಆ ಬೆಳಿಗ್ಗೆ ಡೋರಿಕಾ ಸೊಸೆಗೆ, "ನಿನ್ನ ಗುರುತಿನ ಚೀಟಿ ತಗೋ" ಎಂದಳು. ಸಾಕ್ಷಿಗೆ ಇರಬೇಕೆಂದುಕೊಂಡು ಪ್ರಿಸ್ಕಾ ಅದನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡಳು.

ವಕೀಲರ ಕಚೇರಿ ಒಂದು ಅಂಗಡಿಯ ಮಹಡಿಯ ಮೇಲಿತ್ತು. ಟೈಪು ಮಾಡುವ ಹುಡುಗಿ ಪರದೆಯ ಮುಂದೆ ಕೂತು ಕೇಳಿದಳು: "ಕೊಳ್ಳುವವರ ಹೆಸರು?"

"ಡೋರಿಕಾ..." ಎಂದು ಕಬಾಸೊ ಶುರು ಮಾಡಿದ.

"ನನ್ನ ಹೆಸರು ಬೇಡ" ಎಂದಳು ಡೋರಿಕಾ. "ಇವನದು ಬರಿ. ಕಬಾಸೊ. ಆಮೇಲೆ ಇವಳದು."

ಕಬಾಸೊ ತಾಯಿಯನ್ನು ಪಕ್ಕಕ್ಕೆ, ಕಿಟಕಿಯ ಹತ್ತಿರಕ್ಕೆ ಕರೆದ. ದನಿ ತಗ್ಗಿಸಿದ್ದನಾದರೂ ಪ್ರಿಸ್ಕಾಳಿಗೆ ಎಲ್ಲ ಕೇಳುತ್ತಿತ್ತು.

"ಅಮ್ಮ, ದುಡ್ಡು ನಿಮ್ಮದು. ನಿಮ್ಮ ಹೆಸರೇ ಇರಲಿ. ಇಲ್ಲಾಂದ್ರೆ ನನ್ನದು. ಇಬ್ಬರ ಹೆಸರು ಯಾಕೆ? ಅವಳು ನನ್ನ ಹೆಂಡತಿ, ನನ್ನದೆಲ್ಲ ಅವಳದೇ ತಾನೇ?"

"ನಿಮ್ಮಪ್ಪನೂ ಹಾಗೇ ಹೇಳ್ತಿದ್ದರು."

"ಅಪ್ಪನ ವಿಷಯ ಈಗ ಯಾಕೆ?"

"ಅಪ್ಪ ಸತ್ತಾಗ ನೀನು ಸೊಲ್ವೆಜಿಯಲ್ಲಿ ಕೆಲಸಕ್ಕಿದ್ದೆ. ಮೂರು ದಿನ ಇದ್ದು ಹೋದೆ. ನಾಲ್ಕನೇ ದಿನ ನಿಮ್ಮಪ್ಪನ ಅಣ್ಣಂದಿರು ಲಾರಿ ತಂದರು. ಮಂಚ, ರೇಡಿಯೊ, ಹೊಲಿಗೆ ಯಂತ್ರ. ಕಿಟಕಿ ಪರದೆ ಕಂಬಿ ಸಹಿತ ಬಿಚ್ಚಿಕೊಂಡು ಹೋದರು. ಮನೆ ಕೀಲಿ ಕೊಡು ಅಂದರು. ಕಾಗದದಲ್ಲಿ ನನ್ನ ಹೆಸರಿರಲಿಲ್ಲ. ನನ್ನ ಹೆಸರಿಗೆ ಮಾಡಿಸಿಕೊಳ್ಳೋಕೆ ಎರಡು ವರ್ಷ ಕೋರ್ಟಿಗೆ ಅಲೆದೆ. ಬಾಗಿಲಿಗೆ ಬೆನ್ನು ಕೊಟ್ಟು ಮಲಗ್ತಿದ್ದೆ. ನಿನಗೆ ಹೇಳಲಿಲ್ಲ, ದೊಡ್ಡಪ್ಪಂದಿರ ಮೇಲೆ ಕತ್ತಿ ಹಿಡೀತೀಯ ಅಂತ."

ಕಬಾಸೊ ಕಿಟಕಿಯ ಸರಳು ಹಿಡಿದುಕೊಂಡ.

"ನಾನು ಕಣ್ಣು ಮುಚ್ಚಿದ ದಿನ ಆ ಹಳೇ ಮನೆಗೂ ಜನ ಬರೋರು" ಎಂದಳು ಡೋರಿಕಾ. "ನಮಗೂ ಪಾಲಿದೆ ಅಂತ ನನ್ನ ಅಕ್ಕನ ಮಕ್ಕಳಿಗೆ ಈಗಲೇ ಬಾಯಲ್ಲಿ ನೀರು. ಹೆಸರು ಬದಲಿಸಿದರೂ ಅದು ಕುಟುಂಬದ ಮನೆ ಅಂತ ಬಿಡಲ್ಲ, ಅದಕ್ಕೇ ಮಾರಿದ್ದು. ನಾನಿರೋವಾಗಲೇ ಹೊಸ ಮನೆ ಯಾರದು ಅಂತ ಕಾಗದದಲ್ಲಿ ಬರೀಬೇಕು."

"ನಾನು ಸಾಯ್ತೀನಿ ಅಂತಾನಾ ಅಮ್ಮ?"

"ಎಲ್ಲರೂ ಸಾಯ್ತಾರೆ ಮಗನೇ. ನಿಮ್ಮಪ್ಪ ಸಾಯೋದು ಬೇರೆಯವರು ಮಾತ್ರ ಅಂದುಕೊಂಡಿದ್ದರು." ಅವಳು ಮಗನ ತೋಳಿನ ಮೇಲೆ ಕೈಯಿಟ್ಟಳು, ಅಲ್ಲಿ ಬೆಸುಗೆಯ ಕಿಡಿ ಸಿಡಿದು ಆದ ಕಲೆಗಳಿದ್ದವು. "ನೀನು ನೂರು ವರ್ಷ ಬಾಳು. ಆದರೂ ಬರೆಸು. ನನಗೂ ಒಳ್ಳೇದು. ನಾಳೆ ನನ್ನನ್ನ ಹಿತ್ತಿಲಿನಿಂದ ಓಡಿಸಬೇಕು ಅಂತ ಒಬ್ಬರಿಗೆ ಅನ್ನಿಸಿದರೂ ಇನ್ನೊಬ್ಬರು ಸಹಿ ಹಾಕಬೇಕಲ್ಲ."

ಕಬಾಸೊ ಕಿಟಕಿಯಾಚೆ ನೋಡಿದ. ಆಮೇಲೆ ಮೂಗು ಒರೆಸಿಕೊಂಡು ಮೇಜಿನ ಹತ್ತಿರ ಬಂದ. "ಬರೀಮ್ಮ" ಎಂದ ಹುಡುಗಿಗೆ. "ಎರಡೂ ಹೆಸರು ಬರಿ. ಮೊದಲು ನನ್ನದು..." ಎಂದು ತನ್ನ ಹೆಸರು ಹೇಳಿ, "ಆಮೇಲೆ ಇವಳು, ಚಿತಾಲು ಅಮ್ಮ" ಎಂದ.

"ಚಿತಾಲು ಅಮ್ಮ ಅಂತ ಕಾಗದದಲ್ಲಿ ಬರೆಯೋಕಾಗಲ್ಲ ಸರ್. ಪೂರ್ತಿ ಹೆಸರು?"

ಪ್ರಿಸ್ಕಾ ಎದ್ದು ನಿಂತಿದ್ದಳು. ರವಿಕೆಯೊಳಗಿನ ಚೀಟಿಗೆ ಕೈ ಹಾಕಿದಳು. ಅವಳ ಬಾಯಿಂದ ಮಾತು ಹೊರಡುವ ಮೊದಲೇ ಅತ್ತೆ ಹೇಳಿದಳು, ಒಂದೊಂದೇ ಅಕ್ಷರ ಬಿಡಿಸಿ, ಚರ್ಚಿನಲ್ಲಿ ವಾಕ್ಯ ಓದುವ ಹಾಗೆ:

"ಪ್ರಿಸ್ಕಾ. ಕಾತೊಂಗೊ. ಲುಕ್ವೆಸಾ. ಕೊನೇದು ಅವಳಪ್ಪನ ಹೆಸರು, ಅದನ್ನ ಬಿಡಬೇಡ. ನನ್ನ ಗಂಡನ ಮನೆತನದ ಹೆಸರು ಸೇರಿಸಬೇಡ."

ಪ್ರಿಸ್ಕಾ ಅತ್ತೆಯ ಕಡೆ ತಿರುಗಿದಳು. ಮದುವೆಯಾಗಿ ಬಂದ ಮೇಲೆ ಆ ಹೆಸರನ್ನು ಆ ಮನೆಯಲ್ಲಿ ಯಾರೂ ಆಡಿರಲಿಲ್ಲ.

"ನಿಮಗೆ ಹೇಗೆ ಗೊತ್ತು?"

"ನಿನ್ನ ಕೇಳೋಕೆ ಬಂದಿದ್ದು ನಾನೇ ತಾನೇ. ಹೆಸರು ಗೊತ್ತಿಲ್ಲದೆ ಹುಡುಗಿ ಕೇಳ್ತಾರಾ?"

ಹುಡುಗಿ ಟೈಪು ಮಾಡಿ, ಪರದೆಯನ್ನು ಈಚೆ ತಿರುಗಿಸಿದಳು. "ಸರಿ ಇದೆಯಾ ನೋಡಿ ಮೇಡಂ."

ಪ್ರಿಸ್ಕಾ ನೋಡಿದಳು. ಗಂಡನ ಹೆಸರಿನ ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ ಇತ್ತು. ಅವಳು ತಲೆ ಆಡಿಸಿದಳು.

"ತಲೆ ಆಡಿಸಿದರೆ ಆಗಲ್ಲ ಮೇಡಂ, ಬಾಯಲ್ಲಿ ಹೇಳಬೇಕು. ಇದು ನೀವೇನಾ?"

ಪ್ರಿಸ್ಕಾ ಗುರುತಿನ ಚೀಟಿಯನ್ನು ಮೇಜಿನ ಮೇಲೆ ಇಟ್ಟಳು.

"ಹೌದು" ಎಂದಳು. "ಅದು ನಾನೇ."